ಎಲಿ ಹಾಕಿ ಕುಂದ್ರಿಸ್ಬೇಕೋ, ಪ್ಲೇಟ್ ಕೈಗೆ ಕೊಡ್ಬೇಕೋ?

ನಮ್ಮ ಕಡಿ ಮದುವಿ ಮನ್ಯಾಗ ಸಾರಿಗೆ ಉಪ್ಪು ಕಮ್ಮಿ ಆದ್ರ ಯಾರೂ ಸಿಟ್ಟಾಗಂಗಿಲ್ಲ. "ಇರ್ಲಿ ಬಿಡ್ರಿ, ಉಪ್ಪಿನಕಾಯಿ ಐತಲ್ಲ" ಅಂತ ಉಂಡು ಏಳ್ತಾರ. ಹೋಳಿಗಿ ಹರಿದಿದ್ರೂ ನಡೀತೈತಿ. ಆದ್ರ "ನಮ್ಮನ್ನ ಊಟಕ್ಕ ಏಳ್ರಿ ಅಂತ ಒಬ್ರೂ ಕರೀಲಿಲ್ಲ" ಅನ್ನೋ ಮಾತು ಒಂದ್ಸಲ ಬಂತಂದ್ರ ಮುಗೀತು. ಹತ್ತು ವರ್ಷ ಆದ್ರೂ ಆ ಮಾತು ಸಾಯಂಗಿಲ್ಲ. ಕೂಸು ಹುಟ್ಟಿ, ಅದಕ್ಕ ಜವಳ ತೆಗ್ಸೋ ದಿವಸಾನೂ ಯಾರೋ ಒಬ್ರು ಮೂಲ್ಯಾಗ ಕುಂತು, "ಅವ್ರ ಮದುವ್ಯಾಗ ನಮ್ಮನ್ನ ಮೂರನೇ ಪಂಕ್ತಿಗೆ ಕುಂದ್ರಿಸಿದ್ರು" ಅಂತ ತೆಗೀತಾರ. ಅಂದ್ರ ಜಗಳ ರುಚಿ ಸಲುವಾಗಿ ಅಲ್ಲ, ಕುಂದ್ರೋ ಜಾಗದ ಸಲುವಾಗಿ.

ಈಗ ಎಲ್ಲಾ ಮನ್ಯಾಗೂ ಅದೇ ಪ್ರಶ್ನೆ ಐತಿ. ಎಲಿ ಹಾಕಿ ಸಾಲಾಗಿ ಕುಂದ್ರಿಸಿ ಬಡಿಸ್ಬೇಕೋ, ಬಫೆ ಇಟ್ಟು ಯಾರಿಗೆ ಯಾವಾಗ ಬೇಕೋ ಆವಾಗ ಹಾಕ್ಕೊಂಡು ಉಣ್ಣ್ರಿ ಅಂತ ಬಿಡ್ಬೇಕೋ? ಹಿರೇರು ಪಂಕ್ತಿ ಅಂತಾರ, ಹುಡುಗ್ರು ಬಫೆ ಅಂತಾರ. ನಾನು ಎರಡೂ ಕಡಿ ಉಂಡಾಕಿ, ಎರಡೂ ಕಡಿ ಬಡಿಸಿದಾಕಿ. ಅದಕ್ಕ ನನಗ ಕಂಡಿದ್ದು ಹೇಳ್ತೀನಿ, ಕೇಳ್ರಿ.

ನಾ ಹಚ್ಚೊಳ್ಳಿಗೆ ಸೊಸಿಯಾಗಿ ಬಂದಾಗ ಮದುವಿ ಎಲ್ಲಾ ಮನಿ ಮುಂದನ ಆಗ್ತಿದ್ವು. ಹಂದರ ಹಾಕಿ, ನೆಲಕ್ಕ ಸಗಣಿ ಸಾರಿಸಿ, ಉದ್ದಕ್ಕ ಜಮಖಾನ ಹಾಸೋರು. ಮುತ್ತಲ ಎಲಿ ಕಡ್ಡಿ ಚುಚ್ಚಿ ಹಚ್ಚಿದ್ದು ತಿಂಗಳ ಮುಂಚೇನ ಮನ್ಯಾಗ ಕಟ್ಟು ಕಟ್ಟಿ ಇಟ್ಟಿರ್ತಿದ್ರು. ಎಲಿಗೆ ನೀರು ಚಿಮುಕ್ಸಿ ಒರಸಿ ಇಟ್ಟಮ್ಯಾಲೆ ಮೊದಲು ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ. ಆಮ್ಯಾಲೆ ಹೋಳಿಗಿ, ಅದರ ಮ್ಯಾಲೆ ತುಪ್ಪ. ಆಮ್ಯಾಲೆ ಚಿತ್ರಾನ್ನ, ಅನ್ನ, ಸಾರು, ಕಡೀಕ ಮಜ್ಜಿಗಿ. ಸಿರುಗುಪ್ಪ ತಾಲೂಕಿನಾಗ ಅಕ್ಕಿಗೆ ಏನ್ ಕಮ್ಮಿ? ಸೋನಾ ಮಸೂರಿ ಅನ್ನ ಬುಟ್ಟಿಗಟ್ಲೆ ಬರ್ತಿತ್ತು. ಎಲ್ಲರಿಗೂ ಬಡಿಸೋ ತನಕ ಯಾರೂ ತುತ್ತು ಎತ್ತಂಗಿಲ್ಲ, ಪಕ್ಕದವ್ರು ಉಣ್ಣೋ ತನಕ ಯಾರೂ ಏಳಂಗಿಲ್ಲ. ಒಬ್ರು ಮಧ್ಯದಾಗ ಎದ್ರ ಸಾಲಿಗೇ ಅವಮಾನ.

ಈ ಪದ್ಧತ್ಯಾಗ ಒಂದು ಸುಖ ಇತ್ತು. ಕುಂತೋರಿಗೆ ಏನೂ ಚಿಂತಿ ಇರ್ತಿದ್ದಿಲ್ಲ. ಎಲಿ ಮುಂದ ಕುಂತ್ರ ಸಾಕು, ಊಟ ತಾನ ಬರ್ತಿತ್ತು. ಬಡಿಸೋರು ಮುಖ ನೋಡಿ ಬಡಿಸ್ತಿದ್ರು. "ಅಜ್ಜಾ, ನಿಂಗ ಹಲ್ಲಿಲ್ಲ, ಹೋಳಿಗಿ ಹಾಲಾಗ ಹಾಕ್ಲೇನು?" "ಯವ್ವಾ, ಬಸುರಿ ಹೆಣ್ಮಗಳು, ಇನ್ನೊಂದೀಟು ತುಪ್ಪ ಹಾಕಿಸ್ಕೋ." ಬ್ಯಾಡ ಅಂದ್ರೂ ಬಿಡ್ತಿದ್ದಿಲ್ಲ. ಕೈ ಅಡ್ಡ ಇಟ್ರ ಬೆರಳ ಸಂದ್ಯಾಗ ಹಾಕೋರು. ಈ ಬಲವಂತಕ್ಕ ನಾವು ಬೈತಿದ್ವಿ. ಈಗ ಆ ಬಲವಂತ ಇಲ್ಲದಾಗ, ಯಾರೂ ಕೇಳಲಿಲ್ಲಲ್ಲ ಅನಸ್ತೈತಿ.

ಆದ್ರ ಅಕ್ಕಾರ, ಪಂಕ್ತಿ ಪಂಕ್ತಿ ಅಂತ ಹಾಡಿ ಹೊಗಳೋ ಮುಂದ ಒಂದೀಟು ನಿಂತು ನೋಡ್ಬೇಕು. ಆ ಪಂಕ್ತ್ಯಾಗ ಯಾರು ಎಲ್ಲಿ ಕುಂದ್ರುತಿದ್ರು? ಮೊದಲನೇ ಪಂಕ್ತಿ ಬೀಗರದು. ಅದರಾಗೂ ಗಂಡಸ್ರದು. ಎರಡನೇದು ಊರಿನ ದೊಡ್ಡ ಮಂದಿದು. ಮೂರನೇದು ಬೀಗರ ಹೆಣ್ಮಕ್ಳು, ಹುಡುಗ್ರು. ಹಿಂಗ ಆಗ್ತಾ ಆಗ್ತಾ, ಸಂಜಿ ನಾಕೂವರಿ ಐದರ ಹೊತ್ತಿಗೆ ಮನಿ ಹೆಣ್ಮಕ್ಳ ಪಾಳಿ. ಆವಾಗ ಹೋಳಿಗಿ ತಣ್ಣಗಾಗಿ ಚರ್ಮ ಆಗಿರ್ತಿತ್ತು, ಪಲ್ಯದ ಪಾತ್ರ್ಯಾಗ ಎಣ್ಣಿ ಅಷ್ಟ ಉಳಿದಿರ್ತಿತ್ತು. ಎಲಿ ಹಾಕಿಸ್ಕೊಂಡು ಕುಂದ್ರಾಕೂ ತ್ರಾಣ ಇರ್ತಿದ್ದಿಲ್ಲ. ಅಡಗಿ ಮನ್ಯಾಗ ಪಾತ್ರಿ ಮುಂದ ಕುಕ್ಕರಗಾಲಿಲೆ ಕುಂತು, ಅನ್ನಕ್ಕ ಸಾರು ಕಲಿಸಿ ಒಬ್ಬರಿಗೊಬ್ರು ಕೈತುತ್ತು ಕೊಟ್ಕೊಂಡು ಉಣ್ತಿದ್ವಿ. ಅದರಾಗೂ ನಗಿ ಇತ್ತು, ಇಲ್ಲ ಅನ್ನಂಗಿಲ್ಲ. ಆದ್ರ ಅದಕ್ಕ ಯಾರೂ ಪಂಕ್ತಿ ಅಂತ ಹೆಸರು ಇಡಲಿಲ್ಲ.

ಇನ್ನೊಂದು ಮಾತು ಹೇಳ್ದಿದ್ರ ಸುಳ್ಳಾಗ್ತೈತಿ. ಹಂದರದ ಹೊರಗ, ಬಯಲಾಗ, ಬ್ಯಾರೆ ಎಲಿ ಬೀಳ್ತಿದ್ವು. ನಮ್ಮ ಹೊಲದಾಗ ನಾಟಿ ಹಚ್ಚಿ, ಕಳಿ ತೆಗೆದು, ಆ ಅಕ್ಕಿ ಬೆಳೆದ ಮಂದಿನ ಆ ಎಲಿ ಮುಂದ ಕುಂದ್ರುತಿದ್ರು. ಅವ್ರಿಗೆ ಮ್ಯಾಲಿಂದ ಬಡಿಸ್ತಿದ್ರು. ಅಸ್ಪೃಶ್ಯತಿ ಸಂವಿಧಾನದಾಗನ ನಿಷೇಧ ಆತು, 1955ರಾಗ ಅದಕ್ಕ ಶಿಕ್ಷೆ ಕೊಡೋ ಕಾನೂನೂ ಬಂತು. ಕಾನೂನು ಬಂದು ಎಷ್ಟೋ ವರ್ಷ ಆದಮ್ಯಾಲೂ ಎಲಿ ಹಂಗ ಬಿದ್ವು. ಬರೇ ನಮ್ಮೂರ ಮಾತಲ್ಲ ಇದು. ಉಡುಪಿ ಕೃಷ್ಣ ಮಠದಾಗ ಪಂಕ್ತಿಭೇದ ನಿಲ್ಲಿಸ್ಬೇಕು ಅಂತ ವರ್ಷಗಟ್ಲೆ ಹೋರಾಟ ಆಗಿದ್ದು ಪೇಪರ್ ಓದೋರಿಗೆಲ್ಲ ಗೊತ್ತೈತಿ. ಅಂದ್ರ ಗೊತ್ತು ಮಾಡಿದ ಜಾಗ ಅಂದ್ರ ಬರೇ ಜಾಗ ಅಲ್ಲ. ನೀ ಯಾರು, ನಿನ್ನ ಬೆಲಿ ಎಷ್ಟು ಅಂತ ಆ ಎಲಿನ ಹೇಳ್ತಿತ್ತು.

ಆಮ್ಯಾಲೆ ಕಲ್ಯಾಣ ಮಂಟಪ ಬಂದ್ವು. ಸಿರುಗುಪ್ಪದಾಗ, ತೆಕ್ಕಲಕೋಟ್ಯಾಗ, ಬಳ್ಳಾರ್ಯಾಗ ಟೇಬಲ್ಲು ಕುರ್ಚಿ ಊಟ ಸುರು ಆತು. ಮೊಣಕಾಲು ನೋವಿನೋರಿಗೆ ಅದು ದೇವರು ಕೊಟ್ಟಂಗ ಆತು. ಆದ್ರ ಹೊಸಾದು ಒಂದು ಕಷ್ಟ ಹುಟ್ಟಿತು, ನೀವೆಲ್ಲ ಅನುಭವಿಸೀರಿ. ನಾವು ಉಣ್ತಿರ್ತೀವಿ, ನಮ್ಮ ಕುರ್ಚಿ ಹಿಂದ ಯಾರೋ ಬಂದು ನಿಂತಿರ್ತಾರ. ಕುರ್ಚಿ ಮ್ಯಾಲೆ ಕೈ ಇಟ್ಟಿರ್ತಾರ. ನಾವು ಅನ್ನಕ್ಕ ಬಂದೀವೋ ಮಜ್ಜಿಗಿಗೆ ಬಂದೀವೋ ಅಂತ ಬಗ್ಗಿ ನೋಡ್ತಾರ. ಒಂದ್ಸಲ ಒಬ್ಬ ಹೆಣ್ಮಗಳು ನನಗ, "ಯಕ್ಕಾ, ನೀವಿನ್ನ ಪಾಯಸ ತಗೊಂತೀರೇನು?" ಅಂತ ಕೇಳೇಬಿಟ್ಳು. ಪಾಯಸದ ಆಸಿ ಇದ್ರೂ ಹೆಂಗ ತಗೊಳ್ಳಾಕ ಆಗ್ತೈತಿ? ಗುಟುಕ್ನ ನೀರು ಕುಡಿದು ಎದ್ದೆ.

ಮತ್ತ ಕರ್ಚೀಫ್ ಹಾಕೋದು! ಬಸ್ಸಿನ ಕಿಡಕ್ಯಾಗಿಂದ ಟವಲ್ ಒಗೆದು ಸೀಟ್ ಹಿಡಿಯೋ ಮಂದಿ ನಾವು. ಅದ ವಿದ್ಯಾ ಊಟದ ಹಾಲಿಗೂ ತಂದೀವಿ. ಒಬ್ಬಾಕಿ ಮುಂಚೇನ ಓಡಿಹೋಗಿ ಒಂದು ಕುರ್ಚಿ ಮ್ಯಾಲೆ ಪರ್ಸು, ಒಂದರ ಮ್ಯಾಲೆ ಕರ್ಚೀಫು, ಒಂದರ ಮ್ಯಾಲೆ ಕೂಸಿನ ಟೊಪಗಿ ಇಟ್ಟು, "ಇವು ನಮ್ಮವು, ನಮ್ಮವು" ಅಂತ ಆರು ಕುರ್ಚಿ ಕಾಯ್ತಾಳ. ಕಾಯಾಕ ಮಂದಿ ಇದ್ದೋರಿಗೆ ಕುರ್ಚಿ ಸಿಗ್ತೈತಿ. ಒಬ್ಬಾಕಿನ ಬಂದಾಕಿ, ಕೋಲು ಹಿಡಿದು ಬಂದಾಕಿ ಗ್ವಾಡಿಗೆ ಒರಗಿ ನಿಂತಿರ್ತಾಳ. ಯಾರ ಜಾಗಾನೂ ಗೊತ್ತು ಮಾಡ್ದೆ ಬಿಟ್ರ ಎಲ್ಲರಿಗೂ ಸಮ ಆಗ್ತೈತಿ ಅಂತ ತಿಳಕೊಂತೀವಿ. ಆಗಂಗಿಲ್ಲ. ಓಡಾಕ ಬರೋರಿಗೆ ಆಗ್ತೈತಿ.

ಇಷ್ಟೊತ್ತಿಗೆ ಬಫೆ ಬಂತು. ಮೊದಮೊದಲು ಹಿರೇರು "ಎಮ್ಮಿ ನಿಂತು ಮೇದಂಗ" ಅಂತ ನಕ್ರು. ಆದ್ರ ಲೆಕ್ಕ ಹಾಕಿ ನೋಡ್ರಿ. ಎಂಟ್ನೂರು ಮಂದಿ ಬರ್ತಾರ, ಹಾಲಿನಾಗ ಇನ್ನೂರು ಕುರ್ಚಿ. ಒಂದು ಪಂಕ್ತಿ ಮುಗ್ಸಿ, ಎಲಿ ತೆಗೆದು, ಟೇಬಲ್ಲಿಗೆ ಹೊಸ ಪೇಪರ್ ಹಾಸಿ, ಮತ್ತ ಎಲಿ ಹಾಕಾಕ ಮುಕ್ಕಾಲು ತಾಸು. ನಾಕು ಪಂಕ್ತಿ ಅಂದ್ರ ಮೂರು ತಾಸು. ಒಂದು ಗಂಟೆಗೆ ಅಕ್ಷತಿ ಬಿದ್ರ ಕಡೀ ಪಂಕ್ತಿ ಏಳೋದು ನಾಕಕ್ಕ. ದೂರದ ಊರಿಗೆ ಹೋಗೋರು ಬಸ್ಸು ತಪ್ಪುತೈತಿ ಅಂತ ಬರೇ ಹೊಟ್ಟಿಲೆ ಹೋಗ್ತಾರ. ಬಫೆ ಆದ್ರ ಎರಡು ತಾಸಿನಾಗ ಮುಗೀತೈತಿ, ಬಡಿಸೋ ಮಂದೀನೂ ಕಮ್ಮಿ ಸಾಕು. ಗಂಡಸ್ರು ಬಫೆ ಅನ್ನೋದು ಈ ಲೆಕ್ಕಕ್ಕ.

ನಾ ಬಫೆ ಒಪ್ಪಿದ್ದು ಬ್ಯಾರೆ ಕಾರಣಕ್ಕ. ನಮ್ಮ ಸಣ್ಣತ್ತಿ ಅದಾಳ, ನಮ್ಮ ಮಾವಾರ ತಮ್ಮನ ಹೆಂಡ್ತಿ. ಇಪ್ಪತ್ತೆಂಟನೇ ವಯಸ್ಸಿಗೆ ಗಂಡನ್ನ ಕಳಕೊಂಡಾಕಿ. ಆವತ್ತಿಂದ ಈ ಮನ್ಯಾಗ ಆದ ಎಲ್ಲಾ ಮದುವಿ, ಎಲ್ಲಾ ಸೀಮಂತ, ಎಲ್ಲಾ ತೊಟ್ಲದಾಗ ಒಲಿ ಮುಂದ ಇದ್ದಾಕಿ ಅಕಿನ. ನೂರಾರು ಹೋಳಿಗಿ ಬೇಯಿಸ್ಯಾಳ. ಪಂಕ್ತ್ಯಾಗ ಕುಂತಿದ್ದು ನಾ ನೋಡೇ ಇಲ್ಲ. ಯಾರೂ ಬ್ಯಾಡ ಅಂತ ಬಾಯಿಬಿಟ್ಟು ಹೇಳಿಲ್ಲ, ಆದ್ರ ಬಾ ಅಂತಾನೂ ಕರೀಲಿಲ್ಲ. ಶುಭ ಕಾರ್ಯ, ಮುತ್ತೈದೇರ ಸಾಲು ಅಂತ ಅಕಿನ ಹಿಂದ ಸರೀತಿದ್ಳು. ಮೊದಲನೇ ಸಲ ಬಳ್ಳಾರ್ಯಾಗ ಒಂದು ಬಫೆ ಮದುವಿಗೆ ಕರ್ಕೊಂಡು ಹೋದಾಗ ಅಕಿ ತಾನ ಒಂದು ಪ್ಲೇಟ್ ತಗೊಂಡ್ಳು. ಸಾಲಿನಾಗ ನಿಂತ್ಳು. ಜಿಲೇಬಿ ಎರಡು ಹಾಕಿಸ್ಕೊಂಡ್ಳು. ಫ್ಯಾನಿನ ಕೆಳಗ ಕುಂತು ಬಿಸಿಬಿಸಿ ಉಂಡ್ಳು. "ಇಲ್ಲಿ ಯಾರು ಯಾರನ್ನ ಕೇಳ್ತಾರ ಬಿಡವ್ವ" ಅಂದ್ಳು. ಯಾರೂ ಕೇಳಲ್ಲ ಅನ್ನೋದು ನಮ್ಮ ಅತ್ತಿಗೆ ದುಃಖದ ಮಾತು. ಸಣ್ಣತ್ತಿಗೆ ಅದ ಮಾತು ಬಿಡುಗಡಿ. ನನಗ ಬಫೆ ಅರ್ಥ ಆಗಿದ್ದು ಆವತ್ತು.

ಹಂಗಂತ ಬಫೆ ಒಂದ ಸಾಕು ಅನ್ನಾಕ ಬರಂಗಿಲ್ಲ. ನಮ್ಮ ಅತ್ತಿಗೆ ಎಂಬತ್ತರ ಹತ್ರ ವಯಸ್ಸು. ಒಂದು ಕೈಯಾಗ ಕೋಲು. ಇನ್ನೊಂದು ಕೈಯಾಗ ತುಂಬಿದ ಪ್ಲೇಟು ಹಿಡಿದು, ಮಂದ್ಯಾಗ ಸರಕೊಂಡು ಕುರ್ಚಿ ಹುಡುಕು ಅಂದ್ರ ಅಕಿ ಹೆಂಗ ಹುಡುಕ್ಯಾಳು? ಕೂಸು ಎತ್ಕೊಂಡಾಕಿ ಪ್ಲೇಟ್ ಎಲ್ಲಿ ಹಿಡೀಬೇಕು? ಮತ್ತ ಸಂಕೋಚದ ಮಂದಿ ಇರ್ತಾರ. ಒಂದ್ಸಲ ಹಾಕ್ಕೊಂಡು ಬಂದು ಕುಂತ್ರ ಮುಗೀತು, ಇನ್ನೊಂದ್ಸಲ ಎದ್ದು ಹೋಗಿ ಅನ್ನ ಹಾಕಿಸ್ಕೊಳ್ಳಾಕ ನಾಚ್ಕೊಂತಾರ. ಪಂಕ್ತ್ಯಾಗ ಅವ್ರ ಹೊಟ್ಟಿ ತುಂಬ್ತಿತ್ತು.

ಇದ ಜಗಳ ಹಡಗಿನ್ಯಾಗೂ ಐತಿ ಅಂದ್ರ ನಂಬ್ತೀರೇನು? ನಮ್ಮ ನಾದಿನಿ ಬಳ್ಳಾರ್ಯಾಗ ಇರ್ತಾಳ, ಅಕಿ ಮಗಳು ಅಳಿಯ ಅಮೆರಿಕಾದಾಗ. ಹೋದ ವರ್ಷ ಅಕಿನ್ನ ಕರ್ಸಿಕೊಂಡು, ಮಯಾಮಿ ಅನ್ನೋ ಊರಿಂದ ಹೊರಡೋ ಕ್ರೂಸ್ ಹಡಗಿನ್ಯಾಗ ಏಳು ದಿವಸ ಕರ್ಕೊಂಡು ಹೋದ್ರು. ಟಿಕೆಟ್ ತೆಗ್ಸೋ ಮುಂದನ ಕೇಳ್ತಾರಂತ. ರಾತ್ರಿ ಊಟಕ್ಕ ಟೇಬಲ್ಲು, ಹೊತ್ತು ಗೊತ್ತು ಮಾಡಿ ಇಡಬೇಕೋ, ನೀವು ಯಾವಾಗ ಬೇಕೋ ಆವಾಗ ಬರ್ತೀರೋ ಅಂತ. ಗೊತ್ತು ಮಾಡಿದ್ರ ಏಳೂ ದಿವಸ ಅದ ಟೇಬಲ್ಲು, ಅದ ನಂಬರು, ಅದ ಬಡಿಸೋ ಹುಡುಗ. ಸಂಜಿ ಆರರ ಸುಮಾರಿಗೆ ಒಂದು ಪಾಳಿ, ಎಂಟು ಎಂಟೂವರಿಗೆ ಇನ್ನೊಂದು ಪಾಳಿ. ಹಡಗಿನ್ಯಾಗ ಸಾವಿರಗಟ್ಲೆ ಮಂದಿ, ಊಟದ ಕೋಣಿ ಎಲ್ಲರಿಗೂ ಒಂದ ಸಲಕ್ಕ ಸಾಲಂಗಿಲ್ಲ. ಅದಕ್ಕ ಎರಡು ಪಾಳಿ. ನಮ್ಮ ಪಂಕ್ತಿ ಲೆಕ್ಕಾನ ಅದು!

ಅಳಿಯ "ಬಿಟ್ಟ ಹೊತ್ತು ಇರ್ಲಿ, ಊರು ನೋಡ್ಕೊಂಡು ಬರೋದು ತಡ ಆಗಬಹುದು" ಅಂದ. ಮಗಳು "ಅಮ್ಮಗ ಸಕ್ಕರಿ ಕಾಯಿಲಿ ಐತಿ, ಗುಳಿಗಿ ತಗೊಂಡು ಹೊತ್ತಿಗೆ ಸರಿಯಾಗಿ ಉಣ್ಣಬೇಕು" ಅಂತ ಆರರ ಪಾಳಿ ತಗೊಂಡ್ಳು. ಒಳ್ಳೇದ ಆತು. ನಾದಿನಿ ತತ್ತಿನೂ ಮುಟ್ಟಂಗಿಲ್ಲ. ಬಿಟ್ಟ ಹೊತ್ತಿನ ಊಟ ಆದ್ರ ದಿವಸಾ ಹೊಸ ಹುಡುಗ, ದಿವಸಾ "ತತ್ತಿ ಬ್ಯಾಡ, ಮೀನು ಬ್ಯಾಡ" ಅಂತ ಮೊದಲಿಂದ ಹೇಳ್ಬೇಕು. ಇಲ್ಲಿ ಒಂದ್ಸಲ ಹೇಳಿದ್ದು ಸಾಕಾತು. ನಾಳಿ ಏನು ಮಾಡ್ಲಿ ಅಂತ ಹಿಂದಿನ ರಾತ್ರಿನ ಕೇಳಿ ಬರಕೊಂತಿದ್ರಂತ. ಮೂರನೇ ದಿವಸಕ್ಕ ಅಕಿ ಕುಂದ್ರೋ ಮೊದಲ ಮೊಸರು, ಹಸಿಮೆಣಸಿನಕಾಯಿ ಟೇಬಲ್ ಮ್ಯಾಲೆ ಇರ್ತಿತ್ತು.

ಅದ ಟೇಬಲ್ಲಿಗೆ ಬ್ಯಾರೆ ದೇಶದ ವಯಸ್ಸಾದ ಗಂಡ ಹೆಂಡ್ತಿ ಇಬ್ರನ್ನ ಹಾಕಿದ್ರಂತ. ಮೊದಲನೇ ದಿವಸ ಬರೇ ನಗಿ. ಎರಡನೇ ದಿವಸಾನೂ ನಗಿ. ಮೂರನೇ ದಿವಸ ಆಯಮ್ಮ ಫೋನ್ ತೆಗೆದು ಮೊಮ್ಮಕ್ಕಳ ಫೋಟೋ ತೋರಿಸಿದ್ಳು, ನಮ್ಮಾಕಿನೂ ತೋರಿಸಿದ್ಳು. ಭಾಷಿ ಒಂದು ಅಕ್ಷರ ಬರದಿದ್ರೂ ಸಂಬಂಧ ಕುದುರಿತು. ಕಡೀ ದಿವಸ ಇಬ್ರೂ ತಬ್ಕೊಂಡು ಅತ್ರಂತ. ದಿವಸಾ ಬ್ಯಾರೆ ಟೇಬಲ್ಲಾದ್ರ ಇದು ಆಗ್ತಿದ್ದಿಲ್ಲ. ಎದುರಿಗೆ ಕುಂತೋರ ಮುಖ ಪದೇ ಪದೇ ನೋಡಿದ್ರನ ಮಾತು ಹುಟ್ಟತೈತಿ.

ಹಡಗಿನ ಊಟಾನೂ ಮೊದಲಿಂದ ಸಮ ಇದ್ದಿದ್ದಿಲ್ಲ ಬಿಡ್ರಿ. 1912ರಾಗ ಮುಳುಗಿದ ಟೈಟಾನಿಕ್‌ನಾಗ ಮೂರು ದರ್ಜೆಗೆ ಮೂರು ಊಟದ ಕೋಣಿ ಇದ್ವು. ಮ್ಯಾಲಿನ ದರ್ಜೆಯವ್ರ ಕೋಣ್ಯಾಗ ಕೆಳಗಿನ ದರ್ಜೆಯವ್ರು ಕಾಲಿಡಂಗಿಲ್ಲ. ಹಡಗಿನ ಕ್ಯಾಪ್ಟನ್ ಕುಂದ್ರೋ ಟೇಬಲ್ಲಿಗೆ ಕರೆ ಬಂತಂದ್ರ ಅದು ದೊಡ್ಡ ಮರ್ಯಾದಿ, ನಮ್ಮ ಬೀಗರ ಪಂಕ್ತಿ ಇದ್ದಂಗ. ಆಮ್ಯಾಲೆ 2000ರ ಸುಮಾರಿಗೆ ನಾರ್ವೇಜಿಯನ್ ಕ್ರೂಸ್ ಲೈನ್ ಅನ್ನೋ ಕಂಪನಿ, ಹೊತ್ತಿನ ಕಟ್ಟಿಲ್ಲ, ಟೇಬಲ್ಲಿನ ಕಟ್ಟಿಲ್ಲ, ಬೇಕಾದಾಗ ಬರ್ರಿ ಅಂತ ಸುರು ಮಾಡ್ತು. ಅದಕ್ಕ 'ಫ್ರೀಸ್ಟೈಲ್' ಅಂತ ಹೆಸರು ಇಟ್ಟಿತು. ಮಂದಿ ಇಷ್ಟಪಟ್ರು. ಉಳಿದ ದೊಡ್ಡ ಕಂಪನಿಯವ್ರು ಎರಡೂ ಇಟ್ಟು, ಯಾವ್ದು ಬೇಕೋ ಆರಿಸ್ಕೊಳ್ರಿ ಅನ್ನಾಕ ಹತ್ತಿದ್ರು. ಈಗ ನಮ್ಮ ದೇಶದಾಗೂ ಮುಂಬೈನಿಂದ 2021ರಿಂದ ಕಾರ್ಡೇಲಿಯಾ ಅನ್ನೋ ಕ್ರೂಸ್ ಹೊರಡ್ತೈತಿ, ಗೋವಾ, ಲಕ್ಷದ್ವೀಪ ಅಂತ. ಇನ್ನು ಮುಂದ ನಮ್ಮ ಮಂದೀನೂ ಈ ಪ್ರಶ್ನೆಗೆ ಉತ್ತರ ಕೊಡಬೇಕಾಗ್ತೈತಿ.

ಆದ್ರ ನಾದಿನಿ ಊರಿಗೆ ಬಂದು ಮೊದಲು ಹೇಳಿದ್ದು ಸಮುದ್ರದ ಮಾತಲ್ಲ, ಬಡಿಸೋ ಹುಡುಗನ ಮಾತು. ಅವ ವಿಶಾಖಪಟ್ಟಣದ ಕಡಿಯಾವ, ತೆಲುಗು ಬರ್ತಿತ್ತು. ಬಳ್ಳಾರಿ ಹೆಣ್ಮಗಳಿಗೆ ತೆಲುಗು ಹೇಳಿಕೊಡಬೇಕೇನು? ಎರಡನೇ ದಿವಸನ ಅಕಿ, "ತಿನ್ನಾವಾ ಬಾಬೂ?" ಅಂತ ಕೇಳಿದ್ಳಂತ. ಊಟ ಆತೇನಪ್ಪಾ ಅಂತ. ಹುಡುಗ ಒಂದು ಗಳಿಗಿ ಸುಮ್ನ ನಿಂತು, ಎರಡೂ ಪಾಳಿ ಮುಗ್ಸಿ, ನಾಳಿಗೆ ಟೇಬಲ್ಲೆಲ್ಲ ಜೋಡಿಸಿಟ್ಟು, ಕೆಳಗ ಕೆಲಸದವ್ರ ಊಟದ ಕೋಣಿಗೆ ಹೋಗಿ ತಿಂತೀನಮ್ಮ ಅಂದನಂತ. ಹತ್ತೂವರಿ ಹನ್ನೊಂದಾಗ್ತೈತಿ ಅಂದನಂತ. "ಅಷ್ಟು ಬಂಗಾರದಂಥಾ ಹಡಗು, ಅಲ್ಲೂ ಬಡಿಸೋರು ಕಡೀಕ ಉಣ್ತಾರ ನೋಡವ್ವ" ಅಂದ್ಳು ನಾದಿನಿ.

ಆ ಮಾತು ನನ್ನ ತಲ್ಯಾಗ ಕುಂತುಬಿಟ್ಟಿತು. ನಾವು ಪಂಕ್ತಿನೋ ಬಫೆನೋ ಅಂತ ಜಗಳ ಆಡ್ತೀವಿ, ಅದು ಉಣ್ಣೋರ ಜಗಳ. ಬಡಿಸೋರ ಜಾಗ ಎರಡರಾಗೂ ಇಲ್ಲ. ಪಂಕ್ತ್ಯಾಗೂ ನಾವು ಕಡೀಕ, ಬಫೆಯಾಗೂ ಕೇಟರಿಂಗ್ ಹುಡುಗ್ರು ಕಡೀಕ. ಸೌಟು ಹಿಡಿದು ನಿಂತ ಆ ಹುಡುಗ್ರನ್ನ ನೋಡೀರೇನು? ಎಷ್ಟೋ ಮಂದಿ ಕಾಲೇಜಿನ ಹುಡುಗ್ರು ಇರ್ತಾರ, ದಿವಸದ ಕೂಲಿಗೆ ಬಂದಿರ್ತಾರ. ಮುಂಜಾನಿ ಒಗ್ಗರಣಿ ಮಿರ್ಚಿ ತಿಂದಿದ್ದು, ಮತ್ತ ಸಂಜಿಗೇ.

ಹಂಗಾರ ಎಲ್ಲರಿಗೂ ಜಾಗ ಇರೋ ಪಂಕ್ತಿ ಎಲ್ಲೂ ಇಲ್ಲೇನು? ಐತಿ. ಬೀದರಿನ ನಾನಕ್ ಝೀರಾ ಗುರುದ್ವಾರಕ್ಕ ನಾವು ಒಮ್ಮೆ ಹೋಗಿದ್ವಿ. ಅಲ್ಲಿ ಲಂಗರ್ ಊಟ. ಸಿಖ್ಖರು ಆ ಸಾಲಿಗೆ 'ಪಂಗತ್' ಅಂತಾರ, ನಮ್ಮ ಪಂಕ್ತಿ ಶಬ್ದಾನ ಅದು. ಬಂದಂಗ ಬಂದಂಗ ಸಾಲಾಗಿ ನೆಲದ ಮ್ಯಾಲೆ ಕುಂದ್ರೋದು, ನೀನು ಯಾರು ಎಂತ ಅಂತ ಕೇಳೋರಿಲ್ಲ. ನನ್ನ ಒಂದು ಪಕ್ಕ ಲಾರಿ ಡ್ರೈವರ್, ಇನ್ನೊಂದು ಪಕ್ಕ ಮೈತುಂಬ ಬಂಗಾರ ಹಾಕಿದ ಹೆಣ್ಮಗಳು. ಉಂಡು ಎದ್ದೋರು ಹೋಗಿ ಬಡಿಸ್ತಾರ, ಬಡಿಸಿದೋರು ಬಂದು ಕುಂದ್ರುತಾರ. ಹನ್ನೆರಡನೇ ಶತಮಾನದಾಗ ಕಲ್ಯಾಣದಾಗ ಬಸವಣ್ಣ, ಶರಣರು ಕುಲ ಕೇಳದಂಗ ದಾಸೋಹ ನಡೆಸಿದ್ದು ಇದ ದಾರಿ. ನಮ್ಮ ಪಕ್ಕದ ಜಿಲ್ಲಾ ಕೊಪ್ಪಳದ ಗವಿಮಠದ ಜಾತ್ರಿ ನೋಡ್ರಿ. ಊರೂರಿನ ಹೆಣ್ಮಕ್ಳು ಮನ್ಯಾಗ ಜೋಳದ ರೊಟ್ಟಿ ಬಡದು, ಗಾಡಿಗಟ್ಲೆ ಕಳಸ್ತಾರ. ಲಕ್ಷಗಟ್ಲೆ ಮಂದಿ ಉಣ್ತಾರ. ಯಾರು ಬಡದ ರೊಟ್ಟಿ ಯಾರು ತಿಂದ್ರು ಅಂತ ಯಾರೂ ಕೇಳಂಗಿಲ್ಲ. ಇಲ್ಲಿ ಜಾಗ ಖಾತ್ರಿ ಐತಿ, ಆದ್ರ ಜಾಗಕ್ಕ ದರ್ಜೆ ಇಲ್ಲ.

ಹೋದ ವೈಶಾಖದಾಗ ನಮ್ಮ ಮೈದುನನ ಮಗಳ ಮದುವಿ ಸಿರುಗುಪ್ಪದಾಗ ಆತು. ಮನ್ಯಾಗ ಹದಿನೈದು ದಿವಸ ಇದ ವಾದ. ಮೈದುನ ಬಫೆ ಅಂದ, ನಮ್ಮ ಭಾವಾರು "ಬೀಗರನ್ನ ಪ್ಲೇಟ್ ಹಿಡಿಸಿ ನಿಲ್ಲಿಸ್ತೀಯೇನು?" ಅಂತ ಸಿಟ್ಟಾದ್ರು. ಕಡೀಕ ನಾನು, ನಮ್ಮ ನೆಗೆಣ್ಣಿ ಕುಂತು ಒಂದು ಹಾಳ್ಯಾಗ ಬರದ್ವಿ. ಬಫೆ ಇರ್ಲಿ. ಅದರ ಜೋಡಿ ಒಂದು ಬದಿಗೆ ಅರವತ್ತು ಕುರ್ಚಿ ಟೇಬಲ್ಲು, ಬಾಳಿ ಎಲಿ, ಬಡಿಸೋರು. ಅದು ಬೀಗರಿಗೆ ಅಂತ ಅಲ್ಲ, ದೊಡ್ಡ ಮಂದಿಗೆ ಅಂತ ಅಲ್ಲ. ವಯಸ್ಸಾದೋರು, ಬಸುರೇರು, ಕೂಸಿನ ತಾಯೇರು, ಹೊತ್ತಿಗೆ ಉಣ್ಣೋ ಸಕ್ಕರಿ ಕಾಯಿಲಿಯವ್ರು, ಯಾರ ಕಡಿಯೋರಾದ್ರೂ ಸರಿ, ಅಲ್ಲಿ ಕುಂದ್ರಬೇಕು. ಹನ್ನೊಂದೂವರಿಗೇ ಅವ್ರಿಗೆ ಊಟ. ಕುರ್ಚಿ ಹಿಂದ ಯಾರೂ ನಿಲ್ಲದಂಗ ನೋಡ್ಕೊಳ್ಳಾಕ ಇಬ್ರು ಹುಡುಗ್ರು. ಮನಿ ಹೆಣ್ಮಕ್ಳು ಮೂರು ಗುಂಪು. ಒಂದು ಗುಂಪು ಉಣ್ಣೋ ಮುಂದ ಇನ್ನೆರಡು ಗುಂಪು ಕೆಲಸ. ಎರಡು ಗಂಟಿ ಒಳಗ ಎಲ್ಲರದೂ ಊಟ ಮುಗೀಬೇಕು. ಕೇಟರಿಂಗ್ ಹುಡುಗ್ರಿಗೂ ಹಂಗ, ಪಾಳಿ ಮ್ಯಾಲೆ.

ಮೊದಲನೇ ಗುಂಪಿನಾಗ ಸಣ್ಣತ್ತಿ ಹೆಸರು ಬರದ್ವಿ. ಇಲ್ಲಿ ಮಾತು ನಿಂತ್ವು. ಒಬ್ಬರು ಹಿರೇರು, "ಬೀಗರ ಹೆಣ್ಮಕ್ಳು ಎದುರಿಗೆ ಕುಂತಿರ್ತಾರ, ಮೊದಲನೇ ಸಾಲಿಗೆ ಅಕಿನ್ಯಾಕ ಕುಂದ್ರಿಸ್ತೀರಿ, ಆಮ್ಯಾಲೆ ಉಂಡ್ರ ಆಗಂಗಿಲ್ಲೇನು?" ಅಂದ್ರು. ಸಣ್ಣತ್ತಿನೂ ಬಾಗಲದಾಗ ನಿಂತು, "ನಂಗ್ಯಾಕವ್ವ ಇದೆಲ್ಲ, ನಾ ಒಳಗ ಉಣ್ತೀನಿ" ಅಂದ್ಳು. ನಮ್ಮ ಅತ್ತಿ ಅಲ್ಲೀ ತನಕ ಸುಮ್ನ ಎಲಿ ಅಡಕಿ ಮಡಚ್ತಿದ್ಳು. ತಲಿ ಎತ್ತದನ, "ನನ್ನ ಪಕ್ಕದ ಎಲಿ ಅಕಿದು. ಅಕಿ ಕುಂದ್ರೋ ತನಕ ನಾ ತುತ್ತು ಎತ್ತಂಗಿಲ್ಲ" ಅಂದ್ಳು. ಮುಗೀತು. ಅದರ ಮ್ಯಾಲೆ ಯಾರ ಮಾತೂ ನಡೀಲಿಲ್ಲ.

ಮದುವಿ ದಿವಸ ಸಣ್ಣತ್ತಿ ಕುಂತ್ಳು. ಕುಂತಾಕಿ ಎರಡು ಸಲ ಎದ್ಳು, ಆ ಸಾಲಿಗೆ ತುಪ್ಪ ಬಂದಿಲ್ಲ ಅಂತ. ಎರಡು ಸಲಾನೂ ಅತ್ತಿ ಸೆರಗು ಹಿಡಿದು ಕುಂದ್ರಿಸಿದ್ಳು. ಎದುರಿನ ಬೀಗರ ಹೆಣ್ಮಕ್ಳು ಯಾರೂ ಮುಖ ಸಿಂಡರಿಸಲಿಲ್ಲ. ಅವ್ರಾಗ ಒಬ್ಬಾಕಿ, "ನಮ್ಮತ್ತಿನ್ನೂ ಕರ್ಕೊಂಡು ಬರ್ತೀನ್ರಿ" ಅಂತ ಎದ್ದು ಹೋಗಿ, ಕಂಬದ ಹಿಂದ ಕುಂತಿದ್ದ ಒಬ್ಬ ಮುದುಕಿನ್ನ ಕರ್ಕೊಂಡು ಬಂದು ಕುಂದ್ರಿಸಿದ್ಳು. ಆ ಮುದುಕಿ ಹಣಿನೂ ಬರಿದಿತ್ತು. ಎಲ್ಲಾ ಸುಸೂತ್ರ ಆತು ಅನ್ನಂಗಿಲ್ಲ. ಮೂರನೇ ಗುಂಪು ಉಣ್ಣೋದು ಮೂರಾತು, ಚಿತ್ರಾನ್ನ ತೀರಿತ್ತು. ಭಾವಾರಿಗೆ ಇನ್ನೂ ಒಂದೀಟು ಸಿಟ್ಟು ಐತಿ. ಆದ್ರ ಮರುದಿನ ಸಣ್ಣತ್ತಿ ಪಾತ್ರಿ ತಿಕ್ಕತಾ, "ಹೋಳಿಗಿ ಮೆತ್ತಗ ಆಗಿದ್ವು ಅಲ್ಲೇನ?" ಅಂದ್ಳು. ಇಷ್ಟು ವರ್ಷ ಹೋಳಿಗಿ ಬೇಯಿಸಿದಾಕಿ ಮದುವಿ ಹೋಳಿಗಿ ಬಿಸಿ ಇದ್ದಾಗ ತಿಂದಿದ್ಳು.

ಮದುವಿ ಅಂದ್ರ ವರ್ಷಕ್ಕ ಒಂದೋ ಎರಡೋ. ದಿವಸದ ಊಟದ ಮಾತು ಹೇಳ್ರಿ. ಈಗ ಎಲ್ಲರ ಮನ್ಯಾಗೂ ಡೈನಿಂಗ್ ಟೇಬಲ್ ಬಂದೈತಿ. ಕುರ್ಚಿ ಆರು, ಮನ್ಯಾಗ ಮಂದಿ ಏಳು. ಏಳನೇ ಕುರ್ಚಿ ತರೋ ಮಾತು ಯಾರೂ ತೆಗೆಯಂಗಿಲ್ಲ, ಯಾಕಂದ್ರ ಏಳನೇ ಆಕಿ ಒಲಿ ಮುಂದ ನಿಂತಿರ್ತಾಳ, ರೊಟ್ಟಿ ಬಿಸಿಬಿಸಿ ಹಾಕಾಕ. ಇಲ್ಲಾ ಅಂದ್ರ ಎಲ್ಲರೂ ಟಿವಿ ಮುಂದ ಒಬ್ಬೊಬ್ರು ಒಂದೊಂದು ಹೊತ್ತಿಗೆ ತಟ್ಟಿ ಹಿಡ್ಕೊಂಡು ಹೋಗ್ತಾರ, ಅದೂ ಒಂಥರಾ ಬಫೆನ. ನಮ್ಮ ಮನ್ಯಾಗ ಈಗ ವಾರದಾಗ ಎರಡು ದಿವಸ, ಸೋಮವಾರ ಮತ್ತ ಶುಕ್ರವಾರ, ರೊಟ್ಟಿ ಮೊದಲ ಬಡದು ಡಬ್ಬ್ಯಾಗ ಇಟ್ಟು, ಎಲ್ಲರೂ ನೆಲದ ಮ್ಯಾಲೆ ಚಾಪಿ ಹಾಸಿ ಸುತ್ತ ಕುಂದ್ರುತೀವಿ. ಅತ್ತಿಗೆ ಅಷ್ಟ ಕುರ್ಚಿ. ರೊಟ್ಟಿ ಅಷ್ಟು ಬಿಸಿ ಇರಂಗಿಲ್ಲ ಅಂತ ಗಂಡಮಕ್ಳು ಗೊಣಗ್ತಾರ. ಗೊಣಗ್ಲಿ. ಪಲ್ಯದ ಪಾತ್ರಿ ನಡುವ ಇರ್ತೈತಿ, ಬೇಕಾದೋರು ಹಾಕ್ಕೊಂತಾರ.

ನಿಮ್ಮ ಮನ್ಯಾಗ ಮುಂದ ಮದುವಿ, ಸೀಮಂತ, ಗೃಹಪ್ರವೇಶ ಏನಾದ್ರೂ ಇದ್ರ ಪಂಕ್ತಿ ಇಡ್ರಿ, ಬಫೆ ಇಡ್ರಿ, ನಿಮ್ಮ ಅನುಕೂಲ. ಆದ್ರ ಕೇಟರಿಂಗ್‌ನವ್ರು ಬಂದು "ಎಷ್ಟು ಎಲಿ ಬೇಕ್ರಿ?" ಅಂತ ಕೇಳಿದಾಗ, ಬೀಗರು ಇಷ್ಟು, ಊರ ಮಂದಿ ಇಷ್ಟು, ಗೆಳೇರು ಇಷ್ಟು ಅಂತ ಎಣಿಸಿದಮ್ಯಾಲೆ ಒಳಗ ಒಲಿ ಮುಂದ ಇರೋರನ್ನೂ ಎಣಿಸ್ರಿ. ಅವ್ರು ಎಷ್ಟು ಗಂಟಿಗೆ ಉಣ್ತಾರ ಅಂತಾನೂ ಅದ ಹಾಳ್ಯಾಗ ಬರೀರಿ. ನೀವು ಹೆಂಗ ಮಾಡಿದ್ರಿ ಅಂತ ಸಿರುಗುಪ್ಪ ಸಂತ್ಯಾಗ ಸಿಕ್ಕಾಗ ಹೇಳ್ರಿ, ನಾನೂ ಕಲೀತೀನಿ.